ನೆಗಡಿಯ ಬೆನ್ನಿಗೆ ಕಣ್ಣು ಊದಿದರೆ ಅಲಕ್ಷ್ಯ ಸಲ್ಲದು

ಮಕ್ಕಳಿಗೆ ನೆಗಡಿ ಬರುವುದು ಹೊಸತೇನಲ್ಲ. ಹೆಚ್ಚಿನ ನೆಗಡಿಗಳು ವೈರಸ್‌ನಿಂದ ಬಂದು, ಒಂದೆರಡು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಆದರೆ ಕೆಲವೊಮ್ಮೆ ಅವುಗಳ ಬೆನ್ನಿಗೇ ಬ್ಯಾಕ್ಟೀರಿಯಾಗಳು ಮೂಗಿನ ಸುತ್ತಲಿನ ಗಾಳಿಕುಹರಗಳಲ್ಲಿ, ಅಂದರೆ ಸೈನಸ್‌ಗಳಲ್ಲಿ ನೆಲೆಯೂರುತ್ತವೆ. ಆಗ ಮಗುವಿನ ಒಂದು ಕಣ್ಣಿನ ರೆಪ್ಪೆ ಕೆಂಪಾಗಿ ಊದಿಕೊಂಡರೆ, ಹೆತ್ತವರು ಅದನ್ನು ಕೀಟ ಕಡಿತವೆಂದೋ ಕಣ್ಣುಬೇನೆಯೆಂದೋ ಭಾವಿಸಿ ಮನೆಯಲ್ಲಿದ್ದ ಹನಿಮದ್ದು ಹಾಕಿ ಸುಮ್ಮನಾಗುವುದುಂಟು. ಹೀಗೆ ಕಳೆದುಹೋಗುವ ಒಂದು ದಿನ ದೃಷ್ಟಿಗೇ ಸಂಚಕಾರ ತರಬಹುದು.

ಸೋಂಕು ಹಬ್ಬುವ ಬಗೆ

ಮೂಗು ಮತ್ತು ಕಣ್ಣಿನ ನಡುವೆ ಇರುವುದು ಎಥ್ಮಾಯ್ಡ್ ಸೈನಸ್. ಇದು ಮಗು ಹುಟ್ಟುವಾಗಲೇ ರೂಪುಗೊಂಡಿರುತ್ತದೆ. ಇದನ್ನು ಕಣ್ಣಿನ ಗೂಡಿನಿಂದ ಬೇರ್ಪಡಿಸುವ ಮೂಳೆ ಕಾಗದದಷ್ಟು ತೆಳು. ಅದರ ಹೆಸರೂ ಅದನ್ನೇ ಸೂಚಿಸುತ್ತದೆ: 'ಲ್ಯಾಮಿನಾ ಪೆಪಿರೇಸಿಯಾ', ಕಾಗದದಂಥ ಹಾಳೆ. ಈ ಮೂಳೆಯ ಮೂಲಕ ಹಾಗೂ ರಕ್ತನಾಳಗಳು ಹಾದುಹೋಗುವ ಸಣ್ಣ ರಂಧ್ರಗಳ ಮೂಲಕ ಸೋಂಕು ಕಣ್ಣಿನತ್ತ ಸಾಗುತ್ತದೆ. ನ್ಯೂಮೋಕಾಕಸ್, ಸ್ಟಫೈಲೋಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳು ಇದಕ್ಕೆ ಕಾರಣ.

ಎರಡು ಬಗೆಯ ಊತ

ರೆಪ್ಪೆಯೊಳಗಿನ ತೆಳುವಾದ ಪರದೆಯೊಂದು ಸೋಂಕನ್ನು ತಡೆಯುವ ಗಡಿಯಂತಿದೆ. ಸೋಂಕು ಅದರ ಮುಂಭಾಗದಲ್ಲೇ ಉಳಿದರೆ ರೆಪ್ಪೆ ಮಾತ್ರ ಊದುತ್ತದೆ; ಕಣ್ಣು ಎಂದಿನಂತೆ ಚಲಿಸುತ್ತದೆ, ದೃಷ್ಟಿ ಸ್ಪಷ್ಟವಾಗಿರುತ್ತದೆ. ಹೆಚ್ಚಾಗಿ ಕಾಣುವುದು ಈ ಬಗೆಯೇ. ಸೋಂಕು ಪರದೆಯ ಹಿಂಭಾಗಕ್ಕೆ ಇಳಿದರೆ 'ಆರ್ಬಿಟಲ್ ಸೆಲ್ಯುಲೈಟಿಸ್' ಎನಿಸುತ್ತದೆ. ಆಗ ಕಣ್ಣು ಹೊರಚಾಚುತ್ತದೆ, ಹೊರಳಿಸಿದರೆ ನೋಯುತ್ತದೆ, ವಸ್ತುಗಳು ಎರಡೆರಡಾಗಿ ಕಾಣುತ್ತವೆ, ದೃಷ್ಟಿ ಮಸುಕಾಗುತ್ತದೆ. ಹಲವರಲ್ಲಿ ಜ್ವರವೂ ಇರುತ್ತದೆ.

ಮೂಳೆಗಳಿಂದ ಸುತ್ತುವರಿದ ಗೂಡಿನಲ್ಲಿ ಕೀವು ತುಂಬಿದರೆ ಒತ್ತಡ ಬೀಳುವುದು ದೃಷ್ಟಿನರದ ಮೇಲೆ. ಒತ್ತಡ ಮುಂದುವರಿದರೆ ಶಾಶ್ವತ ಅಂಧತ್ವ ಉಂಟಾಗಬಹುದು. ಸೋಂಕು ಮಿದುಳಿಗೂ ಹಬ್ಬಿ ಪ್ರಾಣಾಪಾಯ ತರಬಹುದು. 1970ರಲ್ಲಿ ಅಮೆರಿಕದ ವೈದ್ಯ ಚಾಂಡ್ಲರ್ ಮತ್ತು ಸಂಗಡಿಗರು ಈ ತೊಡಕುಗಳನ್ನು ರೆಪ್ಪೆಯ ಊತದಿಂದ ಮಿದುಳಿನ ಬುಡದ ರಕ್ತನಾಳ ಹೆಪ್ಪುಗಟ್ಟುವವರೆಗೆ ಐದು ಬಗೆಗಳಾಗಿ ವಿಂಗಡಿಸಿದ್ದರು.

ಚಿಕಿತ್ಸೆ, ತಡೆ

ಹಿಂಭಾಗದ ಸೋಂಕಿಗೆ ಆಸ್ಪತ್ರೆವಾಸ ಅನಿವಾರ್ಯ. ರಕ್ತನಾಳದ ಮೂಲಕ ಆಂಟಿಬಯೋಟಿಕ್ ನೀಡಿ, ಸಿಟಿ ಸ್ಕ್ಯಾನ್‌ನಿಂದ ಕೀವಿನ ನೆಲೆ ಪತ್ತೆಹಚ್ಚಲಾಗುತ್ತದೆ. ದೃಷ್ಟಿಯನ್ನು ಪದೇಪದೇ ಪರೀಕ್ಷಿಸಲಾಗುತ್ತದೆ. ಅದು ಕುಂದತೊಡಗಿದರೆ ಅಥವಾ ಕೀವು ಹೆಚ್ಚಿದ್ದರೆ ಶಸ್ತ್ರಕ್ರಿಯೆ ಅಗತ್ಯ. ಸಕಾಲದಲ್ಲಿ ಚಿಕಿತ್ಸೆ ದೊರೆತ ಬಹುತೇಕ ಮಕ್ಕಳು ಪೂರ್ಣ ಗುಣಮುಖರಾಗುತ್ತಾರೆ.

ಒಂದು ಕಾಲದಲ್ಲಿ ಎಳೆಯರಲ್ಲಿ ಇದಕ್ಕೆ ಮುಖ್ಯ ಕಾರಣವಾಗಿದ್ದ ಹಿಬ್ ಬ್ಯಾಕ್ಟೀರಿಯಾದ ಹಾವಳಿಯನ್ನು ಲಸಿಕೆ ತಗ್ಗಿಸಿದೆ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 6, 10 ಮತ್ತು 14ನೇ ವಾರ ನೀಡುವ ಪೆಂಟಾವೇಲೆಂಟ್‌ನಲ್ಲಿ ಅದು ಸೇರಿದೆ. 2021ರಲ್ಲಿ ದೇಶದಾದ್ಯಂತ ವಿಸ್ತರಿಸಲಾದ ನ್ಯೂಮೋಕಾಕಲ್ ಲಸಿಕೆಯೂ ಉಚಿತ.

ಹೆತ್ತವರು ಮಾಡಬೇಕಾದುದು ಸರಳ. ಮಗುವಿನ ತಲೆ ಅಲುಗದಂತೆ ಹಿಡಿದು, ಬೆರಳನ್ನು ನಾಲ್ಕೂ ದಿಕ್ಕಿಗೆ ಆಡಿಸಿ ಕಣ್ಣು ಹಿಂಬಾಲಿಸುವುದೇ ಎಂದು ನೋಡಬೇಕು. ಇನ್ನೊಂದು ಕಣ್ಣು ಮುಚ್ಚಿ ದೃಷ್ಟಿ ಪರೀಕ್ಷಿಸಬೇಕು. ಏರುಪೇರು ಕಂಡರೆ ಅಥವಾ ರೆಪ್ಪೆ ತೆರೆಯಲಾಗದಷ್ಟು ಊದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇವೆಲ್ಲ ಸರಿಯಿದ್ದರೂ ಊದಿದ ಕಣ್ಣನ್ನು ಅಂದೇ ವೈದ್ಯರಿಗೆ ತೋರಿಸುವುದು ಕ್ಷೇಮ.