ಕೆರೆಯಂಗಳದಲ್ಲಿ ಎದ್ದ ಕಂಠೀರವ

ಬೆಂಗಳೂರು ಕರಗದ ವೇಳೆ ಹಸಿ ಕರಗದ ವಿಧಿಗಳು ನಡೆಯುವುದು ಸಂಪಂಗಿ ಕೆರೆಯಂಗಳದಲ್ಲಿ. ಕೆರೆ ಎಂದು ಈಗ ಅಲ್ಲಿ ಉಳಿದಿರುವುದು ಒಂದು ಸಣ್ಣ ಕೊಳ ಮಾತ್ರ. ಅದರ ಪಕ್ಕದಲ್ಲೇ, ಒಂದು ಕಾಲದಲ್ಲಿ ನೀರು ತುಂಬಿ ನಿಲ್ಲುತ್ತಿದ್ದ ವಿಶಾಲ ಅಂಗಳದ ಮೇಲೆ, ಶ್ರೀ ಕಂಠೀರವ ಕ್ರೀಡಾಂಗಣ ನಿಂತಿದೆ. ಭಾರತದ ಫುಟ್‌ಬಾಲ್ ತಂಡ ಗೆದ್ದದ್ದನ್ನೂ ಸೋತದ್ದನ್ನೂ ಬೆಂಗಳೂರಿನ ಜನ ಕಣ್ಣಾರೆ ಕಂಡದ್ದು ಇಲ್ಲಿಯೇ.

ಪೇಟೆಗೂ ದಂಡಿಗೂ ನಡುವೆ ಇದ್ದ ಕೆರೆ ಅದು. ಸುತ್ತಲಿನ ತಿಗಳರ ತೋಟಗಳಿಗೆ ಅದರ ನೀರೇ ಆಧಾರವಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರಿಗೆ ಈ ಕೆರೆಯ ಹಂಗು ತಪ್ಪಿತು. ನೀರು ಸರಿದ ಅಂಗಳ ಆಟಕ್ಕೆ ಒದಗಿತು. ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಬರುವಷ್ಟರಲ್ಲಿ ಕೆರೆ ಹೋಗಿ ಸಂಪಂಗಿರಾಮನಗರ ಎಂಬ ಬಡಾವಣೆಯ ಹೆಸರಷ್ಟೇ ಉಳಿದಿತ್ತು. ಕ್ರೀಡಾಂಗಣ ತೆರೆದದ್ದು 1946ರಲ್ಲಿ.

ಅಷ್ಟು ಹೊತ್ತಿಗೆ ಫುಟ್‌ಬಾಲ್ ಈ ಊರಿಗೆ ಹೊಸತೇನೂ ಆಗಿರಲಿಲ್ಲ. ದಂಡು ಪ್ರದೇಶದ ಬ್ರಿಟಿಷ್ ಪಲ್ಟನ್ನುಗಳು ತಂದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ಬರಿಗಾಲಲ್ಲೇ ಕಲಿತಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಸೈನಿಕ ತಂಡಗಳೇ ಆಳುತ್ತಿದ್ದ ಆ ಟೂರ್ನಿಯನ್ನು ಭಾರತೀಯ ನಾಗರಿಕರ ತಂಡವೊಂದು ಗೆದ್ದದ್ದು ಅದೇ ಮೊದಲು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1946-47ರಲ್ಲಿ ಮೈಸೂರು ತಂಡ ಬಲಾಢ್ಯ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಎತ್ತಿತು. 1952-53ರಲ್ಲಿ, ಆಮೇಲೆ 1967-68 ಮತ್ತು 1968-69ರಲ್ಲಿ ಸತತವಾಗಿ, ಅದೇ ಗೆಲುವು ಮರುಕಳಿಸಿತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಾಗ ನಮ್ಮ ಏಕೈಕ ಗೋಲು ಹೊಡೆದವರು ಮೈಸೂರು ಪರ ಆಡುತ್ತಿದ್ದ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಹೆಸರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಕ್ರಿಕೆಟಿಗರ ಅಂಕಿಅಂಶಗಳನ್ನು ನಿದ್ದೆಯಲ್ಲೂ ಒಪ್ಪಿಸುವ ಊರು ಈ ಹೆಸರುಗಳನ್ನು ಮರೆತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಈಗ ನಾವು ಕಾಣುವ ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಹೊಸದಾಗಿ ರೂಪುಗೊಂಡದ್ದು. ಅದು ಮೊದಲು ಅಥ್ಲೆಟಿಕ್ಸ್ ಅಂಗಳ, ಆಮೇಲೆ ಫುಟ್‌ಬಾಲಿನದು. ಗ್ಯಾಲರಿಗೂ ಹುಲ್ಲಿನ ಅಂಗಳಕ್ಕೂ ಮಧ್ಯೆ ಸಿಂಥೆಟಿಕ್ ಟ್ರ್ಯಾಕ್ ಸುತ್ತುವರಿದಿದೆ. ಹೀಗಾಗಿ ಗೋಲಿನ ಹಿಂದೆ ಕೂತವರಿಗೆ ಎದುರು ತುದಿಯ ಕಾರ್ನರ್ ಕಿಕ್ ಸರಿಯಾಗಿ ಕಾಣುವುದೇ ಇಲ್ಲ, ಅಲ್ಲಿ ಏನಾಯಿತೆಂದು ಪಕ್ಕದ ಸ್ಟ್ಯಾಂಡಿನ ಕೂಗಿನಿಂದಲೇ ತಿಳಿಯಬೇಕು. ಊರಿಗೆ ದುಃಖ ಬಂದಾಗಲೂ ಇದೇ ಅಂಗಳ: 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬಂದು ಸಾಲುಗಟ್ಟಿದ್ದು ಇಲ್ಲಿಗೇ.

ಫುಟ್‌ಬಾಲ್ ಇಲ್ಲಿ ಕಾಯಂ ಮನೆ ಮಾಡಿದ್ದು 2014ರಲ್ಲಿ. ಅದರ ಹಿಂದಿನ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನ ತವರು ಪಂದ್ಯಗಳನ್ನು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಕಾಲಿಟ್ಟ ವರ್ಷವೇ ಐ-ಲೀಗ್ ಗೆದ್ದಿತು. ಅಲ್ಲಿನ ಸಣ್ಣ ಗ್ಯಾಲರಿ ಅಭಿಮಾನಿಗಳಿಗೆ ಸಾಲದಾಗಿ ತಂಡ ಕಂಠೀರವಕ್ಕೆ ಬಂತು. ನೀಲಿ ಅಂಗಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗವೂ ಡೋಲುಗಳೊಂದಿಗೆ ಜೊತೆಗೆ ಬಂತು. ತೊಂಬತ್ತು ನಿಮಿಷ ಕೂರದೆ ಹಾಡುವ ಈ ಬಳಗ ಇಲ್ಲದ ಕಂಠೀರವವನ್ನು ಊಹಿಸಿಕೊಳ್ಳುವುದೇ ಈಗ ಕಷ್ಟ.

ಈ ಅಂಗಳದ ಒಂದೇ ಒಂದು ರಾತ್ರಿಯನ್ನು ಆರಿಸಿ ಎಂದರೆ ನಾನು ಹೇಳುವುದು 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲಿನ ಎರಡನೆಯ ಹಂತ, ಎದುರಾಳಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡ. ಅಲ್ಲಿನ ಮೊದಲ ಪಂದ್ಯ 1-1ರಲ್ಲಿ ಮುಗಿದಿತ್ತು. ಇಲ್ಲಿ ಮೊದಲ ಗೋಲು ಜೊಹೊರ್‌ನದೇ. ವಿರಾಮಕ್ಕೆ ಸ್ವಲ್ಪ ಮೊದಲು ಸುನಿಲ್ ಚೆಟ್ರಿ ತಲೆಯಿಂದ ಹೊಡೆದು ಸಮ ಮಾಡಿದರು. ದ್ವಿತೀಯಾರ್ಧದಲ್ಲಿ ದೂರದಿಂದಲೇ ಅವರು ಬೀಸಿದ ಚೆಂಡು ಮತ್ತೆ ಬಲೆ ಸೇರಿತು. ಮೂರನೆಯದು ಸ್ಪೇನಿನ ಹುವಾನಾನ್ ತಲೆಯಿಂದ ಬಂತು. 3-1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಕೀರ್ತಿ ಮೂರು ವರ್ಷದ ಕೂಸಿಗೆ ದಕ್ಕಿತು. ದೋಹಾದಲ್ಲಿ ನಡೆದ ಫೈನಲಿನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 1-0ಯಿಂದ ಸೋತದ್ದು ನಿಜ. ಆ ಸೋಲು ಅಕ್ಟೋಬರ್‌ನ ಆ ರಾತ್ರಿಯನ್ನು ಸಣ್ಣದು ಮಾಡಲಾರದು.

ರಾಷ್ಟ್ರೀಯ ತಂಡಕ್ಕೂ ಈ ನೆಲ ಒಲಿದಿದೆ. 2017ರಲ್ಲಿ ಮಕಾವ್ ತಂಡವನ್ನು 4-1ರಿಂದ ಸೋಲಿಸಿ ಭಾರತ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದು ಇಲ್ಲೇ. 2023ರ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಪಾಕಿಸ್ತಾನದ ಎದುರು ಮಳೆಯ ನಡುವೆ ಚೆಟ್ರಿ ಹ್ಯಾಟ್ರಿಕ್ ಬಾರಿಸಿದರು. ಜುಲೈ 4ರ ಫೈನಲಿನಲ್ಲಿ ಕುವೈತ್ ವಿರುದ್ಧದ ಪೆನಾಲ್ಟಿ ಶೂಟೌಟ್‌ನ ಕೊನೆಯ ಹೊಡೆತವನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದು ಕಪ್ ಗೆಲ್ಲಿಸಿದರು.

ಇಷ್ಟೆಲ್ಲ ಸಂಭ್ರಮದ ನಡುವೆ ಅಥ್ಲೀಟುಗಳ ಅಳಲನ್ನೂ ಕೇಳಿಸಿಕೊಳ್ಳಬೇಕು. ಫುಟ್‌ಬಾಲ್ ಪಂದ್ಯಗಳಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂಬ ಅವರ ದೂರು ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ನಾನು ಫುಟ್‌ಬಾಲ್ ಪ್ರೇಮಿ. ಆದರೂ ಆ ದೂರು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಕೋಟಿ ಜನರ ಊರು ಓಡುವವರನ್ನೂ ಒದೆಯುವವರನ್ನೂ ಒಂದೇ ಅಂಗಳಕ್ಕಾಗಿ ಜಗಳವಾಡುವಂತೆ ಮಾಡಬಾರದು. ಫುಟ್‌ಬಾಲಿಗೆಂದೇ, ಟ್ರ್ಯಾಕ್ ಇಲ್ಲದ, ದೊಡ್ಡದೊಂದು ಕ್ರೀಡಾಂಗಣ ಬೆಂಗಳೂರಿಗೆ ಬೇಕು.

ಅದು ಬರುವವರೆಗೆ ನಾವು ಮಾಡಬಹುದಾದ ಕೆಲಸವೂ ಒಂದಿದೆ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಅಂಥ ಹುಡುಗರು ಬೆಳೆಯುವುದು ದೊಡ್ಡ ದೀಪಗಳ ಕೆಳಗಲ್ಲ, ಸ್ಥಳೀಯ ಲೀಗ್ ಪಂದ್ಯಗಳಲ್ಲಿ. ಕಂಠೀರವಕ್ಕೆ ಹೋಗುವ ನೀಲಿ ಅಂಗಿಯವರು ಬಿಡುವಾದ ಒಂದು ಸಂಜೆ ಅಶೋಕನಗರದ ಗ್ಯಾಲರಿಗೂ ಹೋಗಿ ಕೂರಲಿ, ಮಕ್ಕಳನ್ನೂ ಕರೆದೊಯ್ಯಲಿ.