ಸೋತ ವಾದದ ಮಂಗಳೂರು ವಿಳಾಸ

1950ರ ಮಾರ್ಚ್ 1. ಸಂವಿಧಾನ ಜಾರಿಗೆ ಬಂದು ಐದು ವಾರವೂ ತುಂಬಿರಲಿಲ್ಲ. ಮದರಾಸು ಸರ್ಕಾರದ ಸೆರೆಯಲ್ಲಿದ್ದ ಕಮ್ಯುನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಕೈಗೆ ಜೈಲಿನೊಳಗೇ ಇನ್ನೊಂದು ಬಂಧನದ ಆದೇಶ ಬಂತು. 1947ರ ಡಿಸೆಂಬರಿನಿಂದ ಅವರು ಒಳಗೇ ಇದ್ದರು. ಕೋರ್ಟು ವಿಧಿಸಿದ ಶಿಕ್ಷೆಗಳು ರದ್ದಾದರೂ ಬಿಡುಗಡೆ ಆಗಿರಲಿಲ್ಲ. ಈ ಸಲದ ಆದೇಶ ಹೊಚ್ಚಹೊಸ ಮುನ್ನೆಚ್ಚರಿಕೆ ಬಂಧನ ಕಾಯ್ದೆಯದು. ಅದರ 14ನೇ ಕಲಮು ವಿಚಿತ್ರವಾಗಿತ್ತು: ತನ್ನನ್ನು ಯಾಕೆ ಹಿಡಿದಿಟ್ಟಿದ್ದಾರೆಂದು ಸರ್ಕಾರ ಕೊಟ್ಟ ಕಾರಣವನ್ನು ಕೈದಿ ನ್ಯಾಯಾಲಯದಲ್ಲಿ ಬಾಯಿಬಿಡುವಂತಿಲ್ಲ, ಬಿಟ್ಟರೆ ಅದೇ ಅಪರಾಧ!

ಗೋಪಾಲನ್ ನೇರವಾಗಿ ಸುಪ್ರೀಂ ಕೋರ್ಟಿಗೇ, ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವರ ಪರ ನಿಂತವರು ಎಂ.ಕೆ. ನಂಬಿಯಾರ್, ಮಂಗಳೂರಿನಲ್ಲಿ ವಕೀಲಿ ಮಾಡಿ ಹೆಸರು ಗಳಿಸಿ ಮದರಾಸಿಗೆ ಹೋದವರು. ಅವರ ಊರಿನ ಕಡೆಯ ಕಾಸರಗೋಡು ಆಗ ದಕ್ಷಿಣ ಕನ್ನಡದ ತಾಲ್ಲೂಕು, ಆ ಕಡೆಯವರಿಗೆ ಜಿಲ್ಲಾ ಕೋರ್ಟೆಂದರೆ ಮಂಗಳೂರೇ. ಸುಪ್ರೀಂ ಕೋರ್ಟಿಗೆ ಇನ್ನೂ ಸ್ವಂತ ಕಟ್ಟಡವಿರಲಿಲ್ಲ. ಪಾರ್ಲಿಮೆಂಟ್ ಭವನದಲ್ಲಿ ಹಿಂದೆ ರಾಜಮಹಾರಾಜರು ಸಭೆ ಸೇರುತ್ತಿದ್ದ ಕೊಠಡಿಯಲ್ಲಿ ಆರು ನ್ಯಾಯಮೂರ್ತಿಗಳು ಕುಳಿತರು.

ಕಾನೂನು ಗೊತ್ತುಪಡಿಸಿದ ವಿಧಾನದಲ್ಲಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎನ್ನುತ್ತದೆ ಸಂವಿಧಾನದ 21ನೇ ವಿಧಿ. ಪಾರ್ಲಿಮೆಂಟ್ ಪಾಸು ಮಾಡಿದ್ದೆಲ್ಲ ಇಲ್ಲಿ ಕಾನೂನಾಗದು, ಅದರಲ್ಲಿ ಸಹಜ ನ್ಯಾಯ ಇರಬೇಕು ಎಂಬುದು ನಂಬಿಯಾರ್ ವಾದ. 19ನೇ ವಿಧಿಯ ಸ್ವಾತಂತ್ರ್ಯಗಳನ್ನೂ ಇದರ ಜೊತೆಗಿಟ್ಟೇ ಓದಬೇಕು ಎಂದರು. ಅಟಾರ್ನಿ ಜನರಲ್ ಸೆಟಲ್ವಾಡ್ ಒಪ್ಪಲಿಲ್ಲ.

ಸರ್ಕಾರದ ಕೈಗೆ ಸಿಕ್ಕ ದೊಡ್ಡ ಅಸ್ತ್ರವೂ ಮಂಗಳೂರಿನವರೊಬ್ಬರದೇ! ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು ಇಲ್ಲೇ, 1887ರಲ್ಲಿ. ಓದಿದ್ದು ಕೆನರಾ ಹೈಸ್ಕೂಲಿನಲ್ಲಿ. 21ನೇ ವಿಧಿಯ ಮೊದಲ ಕರಡಿನಲ್ಲಿ ಅಮೆರಿಕದ ‘ಡ್ಯೂ ಪ್ರೊಸೆಸ್’ ಇತ್ತು. ಕಾನೂನು ನ್ಯಾಯವಾಗಿದೆಯೇ ಎಂದು ಅಳೆಯುವ ಅಧಿಕಾರವನ್ನು ಆ ಎರಡು ಪದ ಜಡ್ಜುಗಳಿಗೆ ಕೊಡುತ್ತದೆ. 1947ರ ಕೊನೆಗೆ ರಾವ್ ಅಮೆರಿಕಕ್ಕೆ ಹೋದಾಗ, ಅಲ್ಲಿನ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅದು ಬೇಡವೆಂದು ಬುದ್ಧಿ ಹೇಳಿದರು. ಕೂಲಿ, ದುಡಿಮೆಯ ಗಂಟೆಗಳ ಕಾಯ್ದೆಗಳನ್ನು ಅಮೆರಿಕದ ಜಡ್ಜುಗಳು ಅದೇ ಪದ ಹಿಡಿದು ಹೊಡೆದುಹಾಕಿದ್ದರು. 1948ರ ಫೆಬ್ರುವರಿಯ ಕರಡಿನಲ್ಲಿ ಆ ಪದಗಳು ಇರಲಿಲ್ಲ, ಸರ್ಕಾರಕ್ಕೆ ಅಸ್ತ್ರವಾದದ್ದು ಇದೇ. ರಾವ್‌ ಅವರನ್ನು ದೂರುವುದು ಸುಲಭ. ಆದರೆ ಭೂಸುಧಾರಣೆಗೆ ಕಾದಿದ್ದ ದೇಶದಲ್ಲಿ, ಜಡ್ಜುಗಳು ಕಾಯ್ದೆಗಳನ್ನು ಹೊಡೆದುಹಾಕಿಯಾರೆಂಬ ಭಯ ಪೊಳ್ಳೇನಲ್ಲ. ಕೊನೆಗೆ ಪೆಟ್ಟು ಬಿದ್ದದ್ದು ಜಮೀನ್ದಾರನಿಗಲ್ಲ, ಕೈದಿಗೆ.

ಮೇ 19ರಂದು ತೀರ್ಪು. 14ನೇ ಕಲಮು ಬಿದ್ದಿತು, ಗೋಪಾಲನ್ ಅರ್ಜಿ ವಜಾ ಆಯಿತು. ನಂಬಿಯಾರ್ ಮಾತಿಗೆ ಕಿವಿಗೊಟ್ಟವರು ಮುಖ್ಯವಾಗಿ ನ್ಯಾಯಮೂರ್ತಿ ಫಜಲ್ ಅಲಿ. ಗೋಪಾಲನ್ ಸುಮ್ಮನಾಗಲಿಲ್ಲ, 1951ರಲ್ಲಿ ಮದರಾಸು ಹೈಕೋರ್ಟಿನಿಂದ ಬಿಡುಗಡೆ ಪಡೆದರು, ಮರುವರ್ಷ ಲೋಕಸಭೆಗೆ ಹೋದರು. ಮುಂದೆ 1957ರಿಂದ ಮೂರು ಸಲ ಗೆದ್ದದ್ದು ಕಾಸರಗೋಡಿನಿಂದಲೇ.

1950ರ ಆ ತೀರ್ಪಿನ ಬುಡ ಮೊದಲು ಅಲುಗಿದ್ದು ಜೈಲಿನ ಕೇಸಿನಲ್ಲಲ್ಲ, ಬ್ಯಾಂಕಿನ ಕೇಸಿನಲ್ಲಿ. 1969ರಲ್ಲಿ ಸರ್ಕಾರ ವಹಿಸಿಕೊಂಡ 14 ಬ್ಯಾಂಕುಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಒಂದು. ಆ ರಾಷ್ಟ್ರೀಕರಣವನ್ನು ಷೇರುದಾರರೊಬ್ಬರು ಪ್ರಶ್ನಿಸಿದ 1970ರ ಕೂಪರ್ ಪ್ರಕರಣದಲ್ಲಿ, ಒಂದೊಂದು ಹಕ್ಕನ್ನೂ ಬೇರೆಬೇರೆ ಡಬ್ಬಿಯಲ್ಲಿಟ್ಟು ನೋಡುವ ಗೋಪಾಲನ್ ತೀರ್ಪಿನ ಕ್ರಮ ತಪ್ಪೆಂದಿತು ಕೋರ್ಟು. ಷೇರುದಾರನ ಆಸ್ತಿಗಾಗಿ ತೆರೆದ ಬಾಗಿಲು ಕೈದಿಗೆ ತೆರೆಯಲು ಇನ್ನೂ ಎಂಟು ವರ್ಷ ಹಿಡಿಯಿತು. ನಡುವೆ ತುರ್ತುಪರಿಸ್ಥಿತಿ. ಬೆಂಗಳೂರು ಜೈಲಿನಲ್ಲಿದ್ದ ವಿರೋಧಪಕ್ಷಗಳ ಅಡ್ವಾಣಿ, ದಂಡವತೆ ಮುಂತಾದವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಬಹುದೆಂದು ಕರ್ನಾಟಕ ಹೈಕೋರ್ಟ್ ಹೇಳಿತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅದನ್ನೂ ಅಳಿಸಿತು, ಒಪ್ಪದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. 1978ರಲ್ಲಿ ಮೇನಕಾ ಗಾಂಧಿ ಪಾಸ್‌ಪೋರ್ಟ್ ಪ್ರಕರಣ ಬಂದಾಗಲೇ, ಕಾನೂನಿನ ವಿಧಾನ ನ್ಯಾಯಯುತವೂ ಆಗಿರಬೇಕು ಎಂಬ ನಂಬಿಯಾರ್ ಮಾತು ಕಾನೂನಾಯಿತು.

2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ಬಂತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಲ್ಲವೆಂದು 1954 ಮತ್ತು 1962ರ ತೀರ್ಪುಗಳನ್ನು ಹಿಡಿದು ವಾದಿಸಿದ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್, ನಂಬಿಯಾರ್ ಅವರ ಮಗ, ಬೆಳೆದದ್ದು ಮಂಗಳೂರಿನಲ್ಲಿ. ಗೋಪಾಲನ್ ತೀರ್ಪಿನ ತರ್ಕವೇ ಉಳಿದಿಲ್ಲ, ಆ ತರ್ಕ ನೆಚ್ಚಿದ 1962ರ ತೀರ್ಪಿನ ಮಾತೂ ನಿಲ್ಲದು ಎಂದಿತು ಪೀಠ. ಮಗ ಸೋತದ್ದು ಅಪ್ಪನ ವಾದಕ್ಕೇ.