ವಿಕ್ಟೋರಿಯಾ ಯುಗದ ಕಾವ್ಯದಲ್ಲಿ ಪ್ರೇಮ, ವ್ಯಾಮೋಹ ಮತ್ತು ನಿರೂಪಕನ ದನಿ: ಕಥನಗೀತೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪ್ರವೇಶ

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲವನ್ನು (1837–1901) ಸಾಹಿತ್ಯ ಚರಿತ್ರೆಕಾರರು ಸಾಮಾನ್ಯವಾಗಿ ಕಾದಂಬರಿಯ ಯುಗವೆಂದು ಕರೆಯುವುದುಂಟು. ಆದರೆ ಆ ಕಾಲದ ಕಾವ್ಯವೂ ಒಂದು ವಿಶಿಷ್ಟ ಪ್ರಕಾರವನ್ನು ಬೆಳೆಸಿತು. ಅದೇ ನಾಟಕೀಯ ಸ್ವಗತ. ಕವಿಯಲ್ಲದ ಒಂದು ಪಾತ್ರವು ನಿರ್ದಿಷ್ಟ ಸಂದರ್ಭದಲ್ಲಿ, ಬಹುಮಟ್ಟಿಗೆ ಮೌನವಾಗಿರುವ ಒಬ್ಬ ಕೇಳುಗನೆದುರು ಮಾತನಾಡುತ್ತ, ತಾನು ಹೇಳಬಯಸಿದ್ದಕ್ಕಿಂತ ಹೆಚ್ಚಿನದನ್ನು ತನಗರಿವಿಲ್ಲದೆಯೇ ಹೊರಗೆಡಹುವುದು ಈ ಪ್ರಕಾರದ ಮುಖ್ಯ ಲಕ್ಷಣ. ಈ ಸ್ವಗತಗಳಲ್ಲಿ ಅತ್ಯಂತ ಪ್ರಸಿದ್ಧವಾದ ಕೆಲವು ಪ್ರೇಮವನ್ನು ಕುರಿತವು. ಅಲ್ಲಿ ಪ್ರೇಮವು ವ್ಯಾಮೋಹವಾಗಿ, ವ್ಯಾಮೋಹವು ಹಿಂಸೆಯಾಗಿ ಪರಿಣಮಿಸುತ್ತದೆ. ಇಂತಹ ನಿರೂಪಕನ ಮಾತನ್ನು ಓದುಗನು ಎಷ್ಟರಮಟ್ಟಿಗೆ ನಂಬಬೇಕು, ಮಾತನಾಡಲು ಅವಕಾಶವೇ ದೊರೆಯದ ಹೆಣ್ಣಿನ ದನಿಯನ್ನು ಎಲ್ಲಿ ಕೇಳಿಸಿಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಮೌಖಿಕ ಕಥನಗೀತೆಯ ಸಂಪ್ರದಾಯದೊಡನೆ ಹೋಲಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಥನಗೀತೆಯ ಸಂಗ್ರಹ ಮತ್ತು ಅದರ ದನಿ

ವಿಕ್ಟೋರಿಯಾ ಯುಗದ ಕವಿಗಳು ಜಾನಪದ ಸಂಗ್ರಹಗಳ ನಡುವೆಯೇ ಬೆಳೆದವರು. ಥಾಮಸ್ ಪರ್ಸಿಯ ಪ್ರಾಚೀನ ಗೀತೆಗಳ ಸಂಗ್ರಹ 1765ರಲ್ಲಿ ಹೊರಬಂದಿತ್ತು. ವಾಲ್ಟರ್ ಸ್ಕಾಟನ ಗಡಿನಾಡ ಗೀತೆಗಳ ಸಂಕಲನ 1802ರಿಂದ ಪ್ರಕಟವಾಗತೊಡಗಿತ್ತು. ವಿಲಿಯಂ ಥಾಮ್ಸ್ 1846ರಲ್ಲಿ ‘ಫೋಕ್‌ಲೋರ್’ ಎಂಬ ಪದವನ್ನು ಬಳಕೆಗೆ ತಂದನು. ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ 305 ಕಥನಗೀತೆಗಳನ್ನು ಅವುಗಳ ಪಾಠಾಂತರಗಳ ಸಹಿತ ಪ್ರಕಟಿಸಿದನು. ಜೆ. ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಹಲಗಲಿಯ ಬೇಡರ, ಸಂಗೊಳ್ಳಿ ರಾಯಣ್ಣನ ಲಾವಣಿಗಳನ್ನು ಅಚ್ಚು ಹಾಕಿಸಿದ್ದು ಇದೇ ಕಾಲದಲ್ಲಿ ಎಂಬುದು ಕನ್ನಡ ಜಾನಪದದ ದೃಷ್ಟಿಯಿಂದ ಗಮನಾರ್ಹ.

ಈ ಗೀತೆಗಳಲ್ಲಿ ಪ್ರೇಮ ಮತ್ತು ಕೊಲೆ ಅಪರೂಪದ ವಸ್ತುಗಳಲ್ಲ. ‘ಲಾರ್ಡ್ ರ‍್ಯಾಂಡಲ್’ ಗೀತೆಯಲ್ಲಿ ಪ್ರಿಯತಮೆಯಿಂದ ವಿಷವುಂಡ ಮಗನು ತಾಯಿಯ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುತ್ತಾನೆ. ಇಡೀ ಗೀತೆ ಸಂವಾದದಲ್ಲಿಯೇ ಸಾಗುತ್ತದೆ; ಕೊಲೆಗೆ ಕಾರಣವೇನೆಂಬುದನ್ನು ಯಾರೂ ಹೇಳುವುದಿಲ್ಲ. ಹಾಡುವವನು ವಿವರಿಸುವುದೂ ಇಲ್ಲ, ತೀರ್ಪು ಕೊಡುವುದೂ ಇಲ್ಲ. ಅವನದು ಸಮುದಾಯದ ದನಿ. ಆದ್ದರಿಂದ ಆ ದನಿಯನ್ನು ಕೇಳುಗರು ಸಂಶಯಿಸುವ ಪ್ರಮೇಯವೇ ಬರುವುದಿಲ್ಲ.

ಸ್ಕಾಟನ ಸಂಕಲನದಲ್ಲಿರುವ ‘ದಿ ಕ್ರೂಯೆಲ್ ಸಿಸ್ಟರ್’ ಇನ್ನೂ ಮಹತ್ವದ್ದು. ಒಬ್ಬನೇ ಪ್ರಿಯಕರನ ಕಾರಣದಿಂದ ಅಕ್ಕನು ತಂಗಿಯನ್ನು ನೀರಿಗೆ ನೂಕುತ್ತಾಳೆ. ಸತ್ತವಳ ಎದೆಯ ಎಲುಬಿನಿಂದ ಹಾಡುಗಾರನೊಬ್ಬ ಹಾರ್ಪ್ ವಾದ್ಯವನ್ನು ಮಾಡಿ, ಅವಳ ಹೊಂಬಣ್ಣದ ಕೂದಲನ್ನೇ ಅದಕ್ಕೆ ತಂತಿಯಾಗಿ ಬಿಗಿಯುತ್ತಾನೆ. ವಾದ್ಯವು ತಂದೆಯ ಮನೆಯಲ್ಲಿ ತಾನೇ ತಾನಾಗಿ ನುಡಿದು ಕೊಲೆಗಾತಿಯ ಹೆಸರನ್ನು ಹೇಳುತ್ತದೆ. ಜಗತ್ತಿನ ಅನೇಕ ಭಾಗಗಳಲ್ಲಿ ಪ್ರಚಲಿತವಿರುವ ‘ಹಾಡುವ ಎಲುಬು’ ಕಥಾವರ್ಗಕ್ಕೆ (ಸಂಖ್ಯೆ 780) ಸೇರಿದ ಆಶಯವಿದು. ಕೊಲೆಯಾದವರ ದನಿಯನ್ನು ಹೂತುಹಾಕಲಾಗದು ಎಂಬ ನಂಬಿಕೆಯೇ ಇದರ ತಿರುಳು.

ಬ್ರೌನಿಂಗ್‌ನ ಎರಡು ಸ್ವಗತಗಳು

ರಾಬರ್ಟ್ ಬ್ರೌನಿಂಗ್‌ನ ‘ಪೋರ್ಫಿರಿಯಾಸ್ ಲವರ್’ ವಿಕ್ಟೋರಿಯಾ ಪಟ್ಟಕ್ಕೆ ಬರುವ ಮುನ್ನವೇ, 1836ರಲ್ಲಿ, ‘ಮಂತ್ಲಿ ರೆಪಾಸಿಟರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. 1842ರ ಸಂಕಲನದಲ್ಲಿ ಕವಿ ಅದನ್ನು ಮತ್ತೊಂದು ಕವನದೊಡನೆ ಹುಚ್ಚಾಸ್ಪತ್ರೆಯ ಕೋಣೆಗಳು ಎಂಬರ್ಥದ ಶೀರ್ಷಿಕೆಯ ಅಡಿಯಲ್ಲಿ ಸೇರಿಸಿದನು. ಬಿರುಗಾಳಿಯ ರಾತ್ರಿ ಪೋರ್ಫಿರಿಯಾ ಪ್ರಿಯಕರನ ಗುಡಿಸಲಿಗೆ ಬಂದು, ಬಾಗಿಲು ಮುಚ್ಚಿ, ಬೆಂಕಿ ಹೊತ್ತಿಸಿ, ಅವನ ಪಕ್ಕದಲ್ಲಿ ಕುಳಿತು ಮಾತನಾಡಿಸುತ್ತಾಳೆ. ಅವನು ಉತ್ತರಿಸುವುದಿಲ್ಲ. ಆಕೆ ತನ್ನನ್ನು ಪ್ರೀತಿಸುತ್ತಾಳೆಂಬುದು ಖಚಿತವಾದ ಕ್ಷಣದಲ್ಲಿ, ಆ ಕ್ಷಣವನ್ನು ಶಾಶ್ವತವಾಗಿ ತನ್ನದಾಗಿಸಿಕೊಳ್ಳಲು, ಅವಳ ಹೊಂಗೂದಲನ್ನೇ ಮೂರು ಸುತ್ತು ಕೊರಳಿಗೆ ಬಿಗಿದು ಕೊಲ್ಲುತ್ತಾನೆ. ಅವಳಿಗೆ ನೋವಾಗಲಿಲ್ಲವೆಂದೂ, ಇದೇ ಅವಳ ಬಯಕೆಯಾಗಿತ್ತೆಂದೂ ಶಾಂತವಾಗಿ ನುಡಿಯುತ್ತಾನೆ. ದೇವರು ಇನ್ನೂ ಏನನ್ನೂ ಹೇಳಿಲ್ಲವೆಂಬ ಮಾತಿನೊಂದಿಗೆ ಕವನ ಮುಗಿಯುತ್ತದೆ.

ಕಥನಗೀತೆಯೊಡನೆ ಇಟ್ಟು ನೋಡಿದಾಗ ಇಲ್ಲಿನ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬ್ರೌನಿಂಗ್ ಆ ಗೀತೆಯಿಂದ ನೇರವಾಗಿ ಎರವಲು ಪಡೆದನೆಂದು ಹೇಳಬೇಕಾದ ಅಗತ್ಯವಿಲ್ಲ. ಗೀತೆಯಲ್ಲಿ ಸತ್ಯವನ್ನು ನುಡಿಸಿದ ಹೊಂಗೂದಲು ಇಲ್ಲಿ ದನಿಯನ್ನು ಅಡಗಿಸುವ ಹಗ್ಗವಾಗಿದೆ. ಅಲ್ಲಿ ಸತ್ತವಳು ಮಾತನಾಡಿದಳು. ಇಲ್ಲಿ ಕೊಂದವನೇ ಸತ್ತವಳ ಪರವಾಗಿ ಮಾತನಾಡುತ್ತಾನೆ. ಅಲೌಕಿಕ ಸಾಕ್ಷಿಯೂ ಮೌನವಾಗಿದೆ. ಹೀಗಾಗಿ ಸಾಕ್ಷಿಯ ಹೊಣೆ ಓದುಗನ ಮೇಲೆ ಬೀಳುತ್ತದೆ.

1842ರ ಸಂಕಲನದಲ್ಲಿಯೇ ಬಂದ, ಇಂದು ‘ಮೈ ಲಾಸ್ಟ್ ಡಚೆಸ್’ ಎಂದು ಪ್ರಸಿದ್ಧವಾಗಿರುವ ಕವನದ ನಿರೂಪಕನು ಇಟಲಿಯ ಫೆರಾರಾದ ಡ್ಯೂಕ್. 1558ರಲ್ಲಿ ಲುಕ್ರೆಜಿಯಾ ದ ಮೆದಿಚಿಯನ್ನು ವರಿಸಿದ ಎರಡನೆಯ ಅಲ್ಫಾನ್ಸೊ ಈ ಪಾತ್ರಕ್ಕೆ ಮೂಲವೆಂದು ವಿದ್ವಾಂಸರ ಅಭಿಪ್ರಾಯ. ಆಕೆ 1561ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ತೀರಿಕೊಂಡಳು. ಹೊಸ ಸಂಬಂಧವನ್ನು ಕುದುರಿಸಲು ಬಂದ ದೂತನಿಗೆ ಡ್ಯೂಕನು ಮೃತ ಪತ್ನಿಯ ಚಿತ್ರವನ್ನು ತೋರಿಸುತ್ತಾನೆ. ಅವಳ ಮುಗುಳುನಗೆ ಎಲ್ಲರಿಗೂ ಸಮನಾಗಿ ದೊರೆಯುತ್ತಿತ್ತು ಎಂಬುದೇ ಅವನ ಆಕ್ಷೇಪ. ತಾನು ಆಜ್ಞೆ ಮಾಡಿದೆ, ನಗೆಗಳು ನಿಂತವು ಎಂದಷ್ಟೇ ಹೇಳಿ, ವರದಕ್ಷಿಣೆಯ ವಿಷಯಕ್ಕೂ ಸಂಗ್ರಹದ ಮತ್ತೊಂದು ಕಲಾಕೃತಿಗೂ ಮಾತು ಹೊರಳಿಸುತ್ತಾನೆ. ಈಗ ಚಿತ್ರದ ಮೇಲಿನ ತೆರೆಯನ್ನು ಸರಿಸುವ ಅಧಿಕಾರ ಅವನೊಬ್ಬನದೇ. ಕವನವು ಪ್ರಾಸಬದ್ಧ ದ್ವಿಪದಿಗಳಲ್ಲಿದ್ದರೂ ವಾಕ್ಯಗಳು ಸಾಲಿನ ಅಂಚನ್ನು ದಾಟಿ ಹರಿಯುವುದರಿಂದ ಪ್ರಾಸ ಕಿವಿಗೆ ಬೀಳದಂತೆ ಮರೆಯಾಗುತ್ತದೆ. ಸಭ್ಯ ಸಂಭಾಷಣೆಯ ಕೆಳಗೆ ಹಿಡಿತವು ಅಡಗಿರುವಂತೆಯೇ ಇದೂ.

ಈ ನಿರೂಪಕರ ಮಾತು ಅಸಂಬದ್ಧವಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಬುದ್ಧಿ ಕೆಡದೆಯೇ ಭಾವನೆ ಮತ್ತು ನಡತೆಗಳು ವಿಕೃತವಾಗುವ ಹುಚ್ಚನ್ನು ಜೆ. ಸಿ. ಪ್ರಿಚರ್ಡ್ ಎಂಬ ವೈದ್ಯನು 1835ರ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಹುಚ್ಚು ಮತ್ತು ಅಪರಾಧದ ಹೊಣೆಯ ಪ್ರಶ್ನೆ 1843ರ ಮೆಕ್‌ನಾಟನ್ ಮೊಕದ್ದಮೆಯಿಂದ ಇಂಗ್ಲೆಂಡಿನ ನ್ಯಾಯಾಲಯಗಳನ್ನೂ ಕಾಡಿತು. ಬ್ರೌನಿಂಗ್‌ನ ಕವನಗಳು ಇದೇ ಪ್ರಶ್ನೆಯನ್ನು ಓದುಗನ ಮುಂದಿಡುತ್ತವೆ.

ಹೆಣ್ಣಿನ ದನಿ

ದಾಂತೆ ಗೇಬ್ರಿಯಲ್ ರೊಸೆಟ್ಟಿಯ ‘ಸಿಸ್ಟರ್ ಹೆಲೆನ್’ ಕಥನಗೀತೆಯ ರೂಪಕ್ಕೇ ಮರಳುತ್ತದೆ. ವಂಚಿಸಿದ ಪ್ರಿಯಕರನ ಮೇಣದ ಬೊಂಬೆಯನ್ನು ಹೆಲೆನ್ ಬೆಂಕಿಯಲ್ಲಿ ಕರಗಿಸುತ್ತಿದ್ದಾಳೆ. ಬೊಂಬೆ ಕರಗಿದಂತೆ ವ್ಯಕ್ತಿಯೂ ಸಾಯುವನೆಂಬ ಈ ನಂಬಿಕೆ ಸಾದೃಶ್ಯ ಮಾಟಕ್ಕೆ ಸೇರಿದ್ದು. ಪುಟ್ಟ ತಮ್ಮ ಪ್ರಶ್ನಿಸುತ್ತಾನೆ, ಅಕ್ಕ ಉತ್ತರಿಸುತ್ತಾಳೆ, ಪಲ್ಲವಿಯು ಮೇರಿ ಮಾತೆಯನ್ನು ಕರೆಯುತ್ತದೆ. ಹೀಗೆ ಮೂರು ದನಿಗಳು ಒಟ್ಟಿಗೆ ಕೇಳಿಸುವುದರಿಂದ ಹೆಲೆನಳ ದ್ವೇಷವೂ, ಅದರ ಹಿಂದಿನ ನೋವೂ, ಅವಳು ಕಳೆದುಕೊಳ್ಳುತ್ತಿರುವ ಆತ್ಮದ ಕುರಿತ ಮರುಕವೂ ಏಕಕಾಲದಲ್ಲಿ ವ್ಯಕ್ತವಾಗುತ್ತವೆ. ಆದರೆ ಅದೇ ಕವಿಯ 1870ರ ಸಂಕಲನದಲ್ಲಿರುವ ‘ಜೆನ್ನಿ’ಯಲ್ಲಿ ವೇಶ್ಯೆಯು ನಿದ್ರಿಸುತ್ತಿರುತ್ತಾಳೆ, ಪಕ್ಕದಲ್ಲಿರುವ ಗಂಡಸು ಅವಳನ್ನು ಕುರಿತು ಚಿಂತಿಸುತ್ತಾನೆ. ಅದೇ ವರ್ಷ ಆಗಸ್ಟಾ ವೆಬ್‌ಸ್ಟರ್ ಪ್ರಕಟಿಸಿದ ‘ಎ ಕ್ಯಾಸ್ಟವೇ’ಯಲ್ಲಿ ಅಂತಹ ಹೆಣ್ಣೇ ತನ್ನ ಬದುಕನ್ನೂ ತನ್ನನ್ನು ಅಲ್ಲಿಗೆ ತಂದ ಸಮಾಜದ ಲೆಕ್ಕಾಚಾರವನ್ನೂ ತಾನೇ ವಿಶ್ಲೇಷಿಸುತ್ತಾಳೆ. ಮೌನವಾಗಿದ್ದ ಪಾತ್ರಕ್ಕೆ ಅದೇ ಪ್ರಕಾರದೊಳಗೆ ದನಿ ದೊರೆತದ್ದು ಚಾರಿತ್ರಿಕವಾಗಿ ಮುಖ್ಯವಾದ ಬೆಳವಣಿಗೆ.

ಸಮಾರೋಪ

ತನ್ನ ಕವನಗಳ ಮಾತು ಕಲ್ಪಿತ ವ್ಯಕ್ತಿಗಳದೇ ಹೊರತು ತನ್ನದಲ್ಲವೆಂದು ಬ್ರೌನಿಂಗ್ 1842ರಲ್ಲಿಯೇ ಸ್ಪಷ್ಟಪಡಿಸಿದ್ದನು. ಆದರೂ 1855ರಲ್ಲಿ ಟೆನಿಸನ್ನನ ‘ಮಾಡ್’ ಪ್ರಕಟವಾದಾಗ ಅದರ ಉದ್ರಿಕ್ತ ನಾಯಕನ ಮಾತನ್ನು ಕವಿಯದೇ ಎಂದು ಹಲವು ವಿಮರ್ಶಕರು ಭಾವಿಸಿದರು. ರಾಬರ್ಟ್ ಲ್ಯಾಂಗ್‌ಬಾಮ್ 1957ರಲ್ಲಿ ಈ ಪ್ರಕಾರದ ಶಕ್ತಿಯನ್ನು ಸಹಾನುಭೂತಿ ಮತ್ತು ತೀರ್ಪುಗಳ ನಡುವಣ ಸೆಳೆತದಲ್ಲಿ ಗುರುತಿಸಿದನು. ನಿರೂಪಕನ ಕಣ್ಣಿನಿಂದಲೇ ನೋಡಬೇಕಾದ ಓದುಗನು ಅವನನ್ನು ಒಪ್ಪಬಾರದು ಎಂಬುದು ಅದರ ಸಾರ.

ಜಾನಪದ ಅಧ್ಯಯನವು ಇದಕ್ಕೆ ಒಂದು ಅಂಶವನ್ನು ಸೇರಿಸಬಲ್ಲದು. ಕ್ಷೇತ್ರಕಾರ್ಯದಲ್ಲಿ ಒಬ್ಬ ವಕ್ತೃವಿನ ಪಾಠವನ್ನೇ ಪೂರ್ಣ ಕಥೆಯೆಂದು ಯಾರೂ ಸ್ವೀಕರಿಸುವುದಿಲ್ಲ. ಇನ್ನೊಂದು ಪಾಠಾಂತರವನ್ನು ಹುಡುಕುವುದು ಶಿಸ್ತಿನ ಮೊದಲ ನಿಯಮ. ನಾಟಕೀಯ ಸ್ವಗತದಲ್ಲಿ ಆ ಪಾಠಾಂತರ ಅಚ್ಚಾಗಿಲ್ಲ. ಅವಳು ಹೊತ್ತಿಸಿದ ಬೆಂಕಿ, ಎಲ್ಲರಿಗೂ ಹಂಚಿದ ಮುಗುಳುನಗೆ ಮುಂತಾಗಿ ನಿರೂಪಕನೇ ಅರಿಯದೆ ಬಿಟ್ಟುಕೊಟ್ಟ ವಿವರಗಳಿಂದ ಅದನ್ನು ಪುನರ್ರಚಿಸಬೇಕಾಗುತ್ತದೆ. ಕಥನಗೀತೆಯಲ್ಲಿ ಹಾರ್ಪ್ ವಾದ್ಯ ಮಾಡಿದ ಕೆಲಸವನ್ನು ವಿಕ್ಟೋರಿಯಾ ಯುಗದ ಕಾವ್ಯವು ತನ್ನ ಓದುಗನಿಗೆ ವಹಿಸಿದೆ ಎಂದು ಹೇಳಬಹುದು.